ಕಣ್ಣಿಡುವ ಜಾಗದಲ್ಲಿ ಕ್ಯಾಮೆರಾ

ಟೆಲಿಸ್ಕೋಪಿನಲ್ಲಿ ಕಂಡದ್ದನ್ನು ಫೋಟೋ ಹಿಡಿಯಲು ಹೊರಟವರು ಮೊದಲು ವಿಚಾರಿಸುವುದು ಕ್ಯಾಮೆರಾದ ಬೆಲೆಯನ್ನು. ವಿಚಾರಿಸಬೇಕಾದ್ದು ಜೋಡಣೆಯನ್ನು. ಕ್ಯಾಮೆರಾ ಎಷ್ಟೇ ಒಳ್ಳೆಯದಿರಲಿ, ಸರಿಯಾದ ದೂರದಲ್ಲಿ ಅಲುಗದೆ ಕೂರದಿದ್ದರೆ ಚಿತ್ರ ಮಸುಕಾಗುತ್ತದೆ. ನಮ್ಮ ಬೀದರ್ 1956ರವರೆಗೆ ಸೇರಿದ್ದ ಹೈದರಾಬಾದ್ ರಾಜ್ಯದಲ್ಲೇ ಈ ಜೋಡಣೆಗೆ ಹಳೆಯ ನಿದರ್ಶನವಿದೆ. ನವಾಬ್ ಜಾಫರ್ ಜಂಗ್ 1901ರಲ್ಲಿ ಸ್ಥಾಪಿಸಿದ ನಿಜಾಮಿಯಾ ವೀಕ್ಷಣಾಲಯವು 8 ಇಂಚಿನ ಟೆಲಿಸ್ಕೋಪಿಗೆ ಗಾಜಿನ ಫೋಟೋ ಫಲಕ ಕೂಡಿಸಿ, ಪ್ಯಾರಿಸ್‌ನಲ್ಲಿ 1887ರಲ್ಲಿ ರೂಪುಗೊಂಡ ಆಕಾಶನಕ್ಷೆ ಯೋಜನೆಗಾಗಿ ಲಕ್ಷಾಂತರ ನಕ್ಷತ್ರಗಳ ಸ್ಥಾನ ಗುರುತಿಸಿತು. ಅಲ್ಲಿ ಟೆಲಿಸ್ಕೋಪೇ ಕ್ಯಾಮೆರಾದ ಲೆನ್ಸ್. ಇವತ್ತು ಡಿಎಸ್‌ಎಲ್‌ಆರ್‌ನ ಲೆನ್ಸ್ ಬಿಚ್ಚಿ, ಟಿ-ರಿಂಗ್ ಎಂಬ ಬಳೆ ಹಾಕಿ, ನಾವು ಕಣ್ಣಿಡುವ ಐಪೀಸ್ ಕೂರುವ ಒಂದೂಕಾಲು ಇಂಚಿನ ತೂತಿಗೆ ಸೇರಿಸಿದಾಗ ಆಗುವುದೂ ಅದೇ.

ಈ ಸೇರಿಸುವಿಕೆಯಲ್ಲೇ ಹೆಚ್ಚಿನ ನಿರಾಸೆ ಹುಟ್ಟುತ್ತದೆ. ಕನ್ನಡಿ ಬಳಸುವ ನ್ಯೂಟನ್ ಮಾದರಿಯ ಅಗ್ಗದ ಟೆಲಿಸ್ಕೋಪುಗಳಲ್ಲಿ ಬಿಂಬ ಮೂಡುವುದು ಕೊಳವೆಯ ಹೊರಗೆ ಸ್ವಲ್ಪವೇ ದೂರದಲ್ಲಿ. ಕ್ಯಾನನ್ ಡಿಎಸ್‌ಎಲ್‌ಆರ್‌ನ ಸೆನ್ಸರ್ ಮಾತ್ರ ಅದರ ಬಾಯಿಂದ 44 ಮಿಲಿಮೀಟರ್ ಒಳಗಿದೆ. ಹೀಗಾಗಿ ಫೋಕಸ್ ತಿರುಪನ್ನು ಎಷ್ಟು ತಿರುಗಿಸಿದರೂ ಬಿಂಬ ಸೆನ್ಸರನ್ನು ಮುಟ್ಟದಿರಬಹುದು. ನಡುವೆ ಬಾರ್ಲೋ ಲೆನ್ಸ್ ಇಟ್ಟರೆ ಬಿಂಬ ಹಿಂದಕ್ಕೆ ಸರಿಯುತ್ತದೆ, ದೊಡ್ಡದೂ ಆಗುತ್ತದೆ. ಬಿಂಬ ಸೆನ್ಸರನ್ನು ಮುಟ್ಟುತ್ತದೆಯೇ ಎಂಬುದು ಕೊಳ್ಳುವ ಮೊದಲೇ ಅಂಗಡಿಯಲ್ಲಿ ಕೇಳಬೇಕಾದ ಪ್ರಶ್ನೆ. ಇಷ್ಟೂ ಬೇಡವೆನ್ನುವವರಿಗೆ ಐಪೀಸಿಗೆ ಮೊಬೈಲನ್ನು ಬಿಗಿಯಾಗಿ ಹಿಡಿಸುವ ಕ್ಲಿಪ್ ಇದೆ, ಆರಂಭಕ್ಕೆ ಅದು ಸಾಕು.

ಭೂಮಿ ತಿರುಗುವಾಗ ಟೆಲಿಸ್ಕೋಪನ್ನೂ ತಿರುಗಿಸುವ ಮೋಟರಿಲ್ಲದೆ ಪ್ರಯೋಜನವೇನು ಎಂಬ ಆಕ್ಷೇಪ ನ್ಯಾಯವಾದದ್ದೇ. ಆಕಾಶ ಸೆಕೆಂಡಿಗೆ ಸುಮಾರು 15 ಆರ್ಕ್‌ಸೆಕೆಂಡ್ ಜಾರುತ್ತದೆ. 900 ಮಿಲಿಮೀಟರ್ ಸಂಗಮದೂರದ ಟೆಲಿಸ್ಕೋಪಿನಲ್ಲಿ ಒಂದೇ ಸೆಕೆಂಡಿನೊಳಗೆ ನಕ್ಷತ್ರ ಗೆರೆಯಾಗುತ್ತದೆ. ಆದರೆ ಚಂದ್ರ ಬಿಸಿಲಲ್ಲಿರುವ ಕಲ್ಲುಮಣ್ಣು. ಅದಕ್ಕೆ ಸೆಕೆಂಡಿನ ನೂರಿಪ್ಪತ್ತೈದನೇ ಒಂದು ಭಾಗದಷ್ಟು ಬೆಳಕು ಸಾಕಾಗುವುದರಿಂದ ಮೋಟರಿನ ಮಾತೇ ಬರುವುದಿಲ್ಲ. ಅದೇ ಟೆಲಿಸ್ಕೋಪಿನಲ್ಲಿ ಚಂದ್ರಬಿಂಬ ಸುಮಾರು 8 ಮಿಲಿಮೀಟರ್ ಅಗಲ, ಇಡಿಯಾಗಿ ಸೆನ್ಸರಿನೊಳಗೆ ಕೂರುತ್ತದೆ. ಬೀದರ್ ನಗರದ ಬೀದಿದೀಪಗಳೂ ಅದನ್ನು ಕೆಡಿಸಲಾರವು. ಕತ್ತಲೆ ಬೇಕಾಗುವುದು ನೀಹಾರಿಕೆಗಳಿಗೆ. ಅದಕ್ಕೆ ಭಾಲ್ಕಿಯ ಹೊಲಗಳೋ, ಕರ್ನಾಟಕದ ಉತ್ತರ ತುದಿಯ ಔರಾದೋ ಆಗಬೇಕು. ಮುಂದೆ ಮೋಟರು ಕೊಂಡಾಗ ಅದರ ಅಕ್ಷವನ್ನು ಈ ಮೂರೂ ಊರಲ್ಲಿ ಧ್ರುವನಕ್ಷತ್ರದತ್ತ ಸುಮಾರು 18 ಡಿಗ್ರಿ ಎತ್ತರಿಸಬೇಕು. ಸೂರ್ಯನತ್ತ ಮಾತ್ರ, ಟೆಲಿಸ್ಕೋಪಿನ ಬಾಯಿಗೇ ಸೋಲಾರ್ ಫಿಲ್ಟರ್ ಕಟ್ಟದೆ, ಎಂದೂ ತಿರುಗಿಸಬಾರದು.

ನಾವು ತೆಗೆದದ್ದಕ್ಕಿಂತ ಚೆಂದದ ಚಂದ್ರ ಅಂತರ್ಜಾಲದಲ್ಲಿ ಪುಕ್ಕಟೆ ಸಿಗುತ್ತಾನಲ್ಲ ಎನ್ನುವವರಿದ್ದಾರೆ. ಸಿಗುತ್ತಾನೆ, ಆದರೆ ಆ ಚಿತ್ರದಿಂದ ಒಂದು ಕುಳಿಯ ನೆರಳು ನಿನ್ನೆಗಿಂತ ಇವತ್ತು ಎಷ್ಟು ಕುಗ್ಗಿತು ಎಂದು ತಿಳಿಯದು. ಬೆಳಕು-ಕತ್ತಲೆಯ ಗಡಿ ಚಂದ್ರನ ಮೇಲೆ ದಿನಕ್ಕೆ 12 ಡಿಗ್ರಿಯಷ್ಟು ಸರಿಯುತ್ತದೆ. ಸತತ ಮೂರು ಸಂಜೆ ತೆಗೆದ ಫೋಟೋಗಳನ್ನು ಪಕ್ಕಪಕ್ಕ ಇಟ್ಟರೆ ಆ ಚಲನೆ ಕಣ್ಣಿಗೇ ಬೀಳುತ್ತದೆ. ಶಾಲೆಯ ಮಗುವಿಗೆ ಇದಕ್ಕಿಂತ ಒಳ್ಳೆಯ ಪಾಠ ಬೇರೆ ಯಾವುದಿದೆ? ಹುಣ್ಣಿಮೆಯಂದು ನೆರಳೇ ಇಲ್ಲದೆ ಚಂದ್ರ ಚಪ್ಪಟೆಯಾಗಿ ಕಾಣುತ್ತಾನೆ. ಮಳೆಗಾಲ ಕಳೆದ ಮೇಲೆ ಶುಕ್ಲಪಕ್ಷದ ಸಪ್ತಮಿ, ಅಷ್ಟಮಿ, ನವಮಿಯ ಸಂಜೆಗಳನ್ನು ಆರಿಸಿಕೊಳ್ಳಿ. ಹಗಲೆಲ್ಲ ಕಾದ ಮಾಳಿಗೆ ರಾತ್ರಿ ಬಿಡುವ ಬಿಸಿಗೆ ಬಿಂಬ ನಡುಗುತ್ತದೆ, ಅದಕ್ಕಾಗಿ ಮಣ್ಣಿನ ಅಂಗಳ ಮೇಲು. ಗಡಿಯಂಚಿನ ಒಂದು ಕುಳಿಗೆ ಫೋಕಸ್ ಹೊಂದಿಸಿ, ಬೆರಳ ಒತ್ತಡಕ್ಕೆ ಕೊಳವೆ ಅದುರದಂತೆ 2 ಸೆಕೆಂಡಿನ ಟೈಮರ್ ಇಟ್ಟು, ಕೈ ತೆಗೆಯಿರಿ.