‘ಟ್ಯಾಂಟಲೈಸ್’ ಶಬ್ದದ ಅರ್ಥ ಮತ್ತು ಮೂಲ

ಆಂಗ್ಲ ಭಾಷೆಯ ‘ಟೆಂಪ್ಟ್’, ‘ಟ್ಯಾಂಟಲೈಸ್’ ಎಂಬ ಎರಡು ಕ್ರಿಯಾಪದಗಳಿಗೂ ‘ಆಸೆಗೊಳಿಸು’ ಎಂದು ಒಂದೇ ಅರ್ಥ ಹೇಳಿಬಿಡುವುದುಂಟು. ಇದು ಸಾಲದು. ‘ಟೆಂಪ್ಟ್’ ಎಂಬುದು ಮುಟ್ಟಿನೋಡು, ಪರೀಕ್ಷಿಸು ಎಂಬರ್ಥದ ಲ್ಯಾಟಿನ್ ಧಾತುವಿನಿಂದ ಬಂದುದು. ಕನ್ನಡ ಬೈಬಲಿನ ಅನುವಾದಕರು ಅದಕ್ಕೆ ‘ಶೋಧನೆ’ ಎಂಬ ಶಬ್ದವನ್ನು ಆರಿಸಿದ್ದು ಉಚಿತವೇ ಆಗಿದೆ. ಅಲ್ಲಿ ಬಯಸಿದ್ದು ಕೈಗೆಟುಕುವಂತಿದೆ. ಮನುಷ್ಯನು ತೆಗೆದುಕೊಳ್ಳುವನೋ ಬಿಡುವನೋ ಎಂಬುದೇ ಪರೀಕ್ಷೆ. ‘ಟ್ಯಾಂಟಲೈಸ್’ನಲ್ಲಿಯಾದರೋ ದೊರೆಯುವ ಮಾತೇ ಇಲ್ಲ.

ಈ ಕ್ರಿಯಾಪದ ಗ್ರೀಕ್ ಪುರಾಣದ ಟ್ಯಾಂಟಲಸ್ ಎಂಬ ಅರಸನ ಹೆಸರಿನಿಂದ 16ನೆಯ ಶತಮಾನದ ಕೊನೆಗೆ ಹುಟ್ಟಿತು. ಹೋಮರನ ‘ಒಡಿಸ್ಸಿ’ಯ 11ನೆಯ ಸರ್ಗದಲ್ಲಿ ಇವನು ಪಾತಾಳದ ಕೊಳವೊಂದರಲ್ಲಿ ಗದ್ದದವರೆಗೆ ಮುಳುಗಿ ನಿಂತಿದ್ದಾನೆ. ಕುಡಿಯಲು ಬಾಗಿದೊಡನೆ ನೀರು ಇಂಗಿ ನೆಲ ಕಾಣುತ್ತದೆ. ತಲೆಯ ಮೇಲೆ ತೂಗುವ ಹಣ್ಣಿಗೆ ಕೈಚಾಚಿದರೆ ಗಾಳಿ ಕೊಂಬೆಯನ್ನು ಮುಗಿಲಿಗೆಸೆಯುತ್ತದೆ. ಅಪರಾಧವೇನೆಂದು ಹೋಮರನು ಹೇಳುವುದಿಲ್ಲ. ದೇವತೆಗಳ ಅಮೃತವನ್ನು ಕದ್ದು ಗೆಳೆಯರಿಗೆ ಹಂಚಿದನೆಂದು ಪಿಂಡಾರ್ ಕವಿಯ ಮಾತು. 1802ರಲ್ಲಿ ಸ್ವೀಡನ್ನಿನ ಎಕೆಬರ್ಗ್ ಕಂಡುಹಿಡಿದ ‘ಟ್ಯಾಂಟಲಮ್’ ಲೋಹಕ್ಕೂ ಇವನದೇ ಹೆಸರು: ಅದರ ಭಸ್ಮವು ಆಮ್ಲದಲ್ಲಿ ಮುಳುಗಿದ್ದರೂ ಆಮ್ಲವನ್ನು ಹೀರಲಾರದು!

ಇದಕ್ಕೆ ಸರಿದೊರೆಯಾದ ಶಬ್ದವನ್ನು ಹುಡುಕಲು ಗ್ರೀಸಿಗೆ ಹೋಗಬೇಕಾಗಿಲ್ಲ. ಬೀದರ ಜಿಲ್ಲೆಯ ನಿರ್ಣಾದಂತಹ ಊರುಗಳ ಸೀಮೆ 1948ರವರೆಗೆ ನಿಜಾಮರ ಆಳ್ವಿಕೆಯಲ್ಲಿದ್ದು, ಅಲ್ಲಿ ಕನ್ನಡದ ಜೊತೆಗೆ ಉರ್ದು ಮಾತೂ ಕಿವಿಗೆ ಬೀಳುತ್ತದೆ. ಉರ್ದುವಿನ ‘ತರಸಾನಾ’ ಎಂಬ ಕ್ರಿಯಾಪದದ ಅರ್ಥ, ತೋರಿಸಿಯೂ ಕೊಡದೆ ಹಂಬಲಿಸುವಂತೆ ಮಾಡು ಎಂದೇ. ಅದರ ಮೂಲ, ಬಾಯಾರಿಕೆಯನ್ನು ಸೂಚಿಸುವ ಸಂಸ್ಕೃತದ ‘ತೃಷ್’ ಧಾತು. ‘ತೃಷೆ’, ‘ತೃಷ್ಣೆ’ಗಳು ಅಲ್ಲಿಂದಲೇ ಬಂದವು, ಆಂಗ್ಲದ ‘ಥರ್ಸ್ಟ್’ ಕೂಡ ಅದೇ ಕುಲದ್ದು. ಬೇಸಗೆಯ ಬಯಲಿನಲ್ಲಿ ನೀರಿನಂತೆ ತೋರಿ, ಸಮೀಪಿಸಿದಷ್ಟೂ ಹಿಂದೆ ಸರಿಯುವ ‘ಮೃಗತೃಷ್ಣೆ’ಯಲ್ಲಿ ಟ್ಯಾಂಟಲಸನ ಕೊಳವೇ ಕಾಣುತ್ತದೆ. ಕನ್ನಡವು ಅದನ್ನು ಬಿಸಿಲ್ಗುದುರೆ ಎಂದಿತು. ಸಂಸ್ಕೃತದ ಹೆಸರು ಬಾಯಾರಿದವನ ಕಡೆಯಿಂದ ಬಂದುದು. ಕನ್ನಡದ್ದು ಓಡಿಹೋಗುವ ವಸ್ತುವಿನ ಕಡೆಯಿಂದ.

15ನೆಯ ಶತಮಾನದ ಚಾಮರಸನ ‘ಪ್ರಭುಲಿಂಗಲೀಲೆ’ಯಲ್ಲಿ ಈ ಎರಡು ಕ್ರಿಯೆಗಳೂ ಒಂದೇ ಕಥೆಯಲ್ಲಿ ಕೂಡುತ್ತವೆ. ಅಲ್ಲಮನನ್ನು ಮೋಹಗೊಳಿಸಲೆಂದೇ ಮಾಯೆಯು ಬನವಸೆಯ ಮಮಕಾರ ರಾಯನ ಮಗಳಾಗಿ ಹುಟ್ಟುತ್ತಾಳೆ. ಅವಳ ಉದ್ದೇಶ ಶೋಧನೆ. ಅಲ್ಲಮನಾದರೋ ಮದ್ದಳೆಗಾರನಾಗಿ ಅವಳೆದುರಿಗೇ ಇದ್ದೂ ಕೈಗೆ ಸಿಕ್ಕುವುದಿಲ್ಲ. ಆಸೆಗೊಳಿಸಲು ಬಂದವಳೇ ನೀರಿನ ನಡುವೆ ಬಾಯಾರಿ ನಿಲ್ಲುತ್ತಾಳೆ. ಗ್ರೀಕ್ ಅರಸನಿಗೆ ಆ ದಾಹವನ್ನು ದೇವತೆಗಳು ವಿಧಿಸಿದರು. ಮಾಯೆಗೆ ಅದನ್ನು ಹೊರಗಿನಿಂದ ಯಾರೂ ವಿಧಿಸಲಿಲ್ಲ.