ಕಸದ ಅಡಿಯಲ್ಲಿ ಕಲ್ಲು ಹೊತ್ತ ದೋಣಿ

ದಕ್ಷಿಣ ಫ್ರಾನ್ಸಿನ ಆರ್ಲ್ ಪಟ್ಟಣಕ್ಕೆ ಪ್ರವಾಸಿಗರನ್ನು ಕರೆತರುವುದು ಹೆಚ್ಚಾಗಿ ವ್ಯಾನ್ ಗೋ ಹೆಸರು. 1888ರಲ್ಲಿ ಆತ ಇಲ್ಲಿಯ ದಂಡೆಯಲ್ಲಿ ಕೂತು ರೋನ್ ನದಿಯನ್ನೂ ಅದರ ಮೇಲಿನ ನಕ್ಷತ್ರಗಳನ್ನೂ ಚಿತ್ರಿಸಿದ. ಆಗಲೂ ಅದೇ ನದಿಯ ಬಲದಂಡೆಗೆ ಅಂಟಿಕೊಂಡು, ಟ್ರ್ಯಾಂಕ್‌ತಾಯ್ ಬಡಾವಣೆಯ ಎದುರಿನ ಹೂಳಿನಲ್ಲಿ, 31 ಮೀಟರ್ ಉದ್ದದ ರೋಮನ್ ಸರಕುದೋಣಿಯೊಂದು ಹುದುಗಿತ್ತು. ಇನ್ನೂ ನೂರಕ್ಕೂ ಹೆಚ್ಚು ವರ್ಷ ಯಾರಿಗೂ ಅದರ ಸುಳಿವು ಸಿಗಲಿಲ್ಲ.

ದೋಣಿಯಿದ್ದದ್ದು ಭಾರೀ ಆಳದಲ್ಲೇನೂ ಅಲ್ಲ. 4ರಿಂದ 9 ಮೀಟರ್, ಅಷ್ಟೆ. ತೊಂದರೆ ಆಳದ್ದಲ್ಲ, ನೀರಿನದು. ರೋನ್ ಇಲ್ಲಿ ರಭಸದ ನದಿ, ಕೆಸರು ನೀರು. ಮುಳುಗಿದವನಿಗೆ ಕೈಯಳತೆಯಾಚೆ ಏನೂ ಕಾಣುವುದಿಲ್ಲ. ಚರಂಡಿ ನೀರಿನ ಕೊಳೆ, ತಲೆಯ ಮೇಲೆ ಓಡಾಡುವ ದೊಡ್ಡ ದೋಣಿಗಳು, ಕಾಲಿನ ರೆಕ್ಕೆಯನ್ನು ಬಂದು ಎಳೆಯುವ ಆಳೆತ್ತರದ ಬೆಕ್ಕುಮೀನು ಬೇರೆ. ಪುರಾತತ್ತ್ವಜ್ಞ ಲ್ಯೂಕ್ ಲಾಂಗ್ 1986ರಲ್ಲಿ ಮೊದಲ ಸಲ ಇಲ್ಲಿಗಿಳಿದಾಗ ಕೈಗೆ ತಾಗಿದ್ದು ಲಾರಿಯೊಂದರ ಸ್ಟೀರಿಂಗ್. ಡ್ರೈವರ್ ಸೀಟಿನಲ್ಲಿದ್ದದ್ದು ಆಂಫೊರಾ, ಅಂದರೆ ರೋಮನ್ನರು ಎಣ್ಣೆ, ದ್ರಾಕ್ಷಾರಸ ತುಂಬಿಸುತ್ತಿದ್ದ ಎರಡು ಹಿಡಿಯ ಮಣ್ಣಿನ ಜಾಡಿ.

ನದಿಗೆ ಕಸ ಎಸೆಯುವುದು ಆರ್ಲ್‌ನವರಿಗೆ ಹೊಸದಲ್ಲ. ರೋಮನ್ನರ ಕಾಲದಲ್ಲಿ ಇದು ದೊಡ್ಡ ಬಂದರು. ಸಮುದ್ರದಿಂದ ಬಂದ ಸರಕು ಇಲ್ಲಿ ತಳ ಚಪ್ಪಟೆಯಾದ ದೋಣಿಗಳಿಗೆ ಬದಲಾಗಿ ಮೇಲಿನ ಊರುಗಳಿಗೆ ಹೋಗುತ್ತಿತ್ತು. ಖಾಲಿ ಜಾಡಿ, ಒಡೆದ ಮಡಕೆ ದಂಡೆಯಿಂದ ಸೀದಾ ನೀರಿಗೆ. ಹೂಳಿನ ಮೇಲೆ ಬಿದ್ದ ಆ ರಾಶಿಯೇ ದೋಣಿಗೆ ಹೊದಿಕೆಯಾಯಿತು. ಇವತ್ತು ನಾವು ಬೈಯುವ ಅಭ್ಯಾಸವೇ ಅದನ್ನು ಉಳಿಸಿತು ಎನ್ನುವುದು ಒಪ್ಪಿಕೊಳ್ಳಲು ಕಷ್ಟವಾದರೂ ನಿಜ.

2004ರಲ್ಲಿ ಲಾಂಗ್ ತಂಡಕ್ಕೆ ದೋಣಿಯ ಒಂದು ತುದಿ ಕಂಡಿತು. 2011ರಲ್ಲಿ ಅದನ್ನು ಪೂರ್ತಿ ಬಿಡಿಸಿ ಮೇಲೆತ್ತಿದರು. ಇಡಿಯಾಗಿ ಎತ್ತಿದರೆ ಮುರಿಯುತ್ತದೆಂದು ಮುಳುಗುಗಾರರು ನೀರಿನಲ್ಲೇ ಹತ್ತು ತುಂಡು ಮಾಡಿದರು. ಎರಡು ಸಾವಿರ ವರ್ಷದ ಹಲಗೆಯ ಮೇಲೆ ಗರಗಸ ಇಡಲು ಎಷ್ಟು ಗಟ್ಟಿ ಮನಸ್ಸು ಬೇಕೋ!

ಒಳಗೆ ಚಿನ್ನವಿರಲಿಲ್ಲ, ಟನ್ನುಗಟ್ಟಲೆ ಸುಣ್ಣಕಲ್ಲಿನ ಚಪ್ಪಡಿಗಳಿದ್ದವು. ಸುಮಾರು 15 ಕಿಲೋಮೀಟರ್ ಮೇಲಿನ ಸೇಂಟ್ ಗೇಬ್ರಿಯಲ್ ಗಣಿಯಲ್ಲಿ ತೆಗೆದ, ಯಾವುದೋ ಕಟ್ಟಡಕ್ಕೆ ಹೊರಟಿದ್ದ ಕಲ್ಲು. ದೋಣಿಯ ಮೂತಿ ಹೊಳೆಯ ಮೇಲ್ಭಾಗದ ಕಡೆಗಿತ್ತು. ಕಲ್ಲು ಕೆಳಗೆ ಬರುತ್ತಿದ್ದುದರಿಂದ, ದಂಡೆಗೆ ಕಟ್ಟಿ ನಿಲ್ಲಿಸಿದ್ದಾಗಲೇ ಹಠಾತ್ ಪ್ರವಾಹಕ್ಕೆ ಸಿಕ್ಕು ಮುಳುಗಿರಬೇಕೆಂಬುದು ತಜ್ಞರ ಲೆಕ್ಕ. ನಯವಾದ ಹೂಳು ಬೇಗ ಮುಚ್ಚಿ ಗಾಳಿ ಸೋಕದಂತೆ ಮಾಡಿದ್ದರಿಂದ ಓಕ್ ಮರ ಕೊಳೆಯಲಿಲ್ಲ.

ನನ್ನ ಮಟ್ಟಿಗೆ ಈ ದೋಣಿಯ ಜೀವ ಇರುವುದು ಹಿಂಭಾಗದ ಅಡುಗೆ ಮೂಲೆಯಲ್ಲಿ. ದೊಡ್ಡ ವಾಡೆಯೊಂದರ ಮೇಲರ್ಧ ಕತ್ತರಿಸಿ, ಉಳಿದ ಬುಡವನ್ನೇ ಒಲೆ ಮಾಡಿಕೊಂಡಿದ್ದರು. ಅದರಲ್ಲಿ ಬೂದಿ ಹಾಗೇ ಇತ್ತು. ಪಕ್ಕದಲ್ಲಿ ಊಟದ ಪಾತ್ರೆಗಳು. ಕೆಲವದರ ಮೇಲೆ ಎ, ಟಿ ಎಂಬ ಎರಡು ಅಕ್ಷರ ಗೀರಿದೆ, ನಮ್ಮಲ್ಲಿ ಮದುವೆಯ ಪಾತ್ರೆಗೆ ಹೆಸರು ಕೊರೆಸುವ ಹಾಗೆ. ದೋಣಿಯನ್ನು ದಂಡೆಯಿಂದ ಜನ ಹಗ್ಗ ಕಟ್ಟಿ ಎಳೆಯುತ್ತಿದ್ದರು. ಹಗ್ಗ ಕಟ್ಟುವ ಕಂಬದ ಮೇಲೆ ಅದು ಉಜ್ಜಿದ ಗುರುತು ಇದೆ. ಮರದ ಜೋಡಣೆಯ ಸಂದಿಯಲ್ಲಿ ಬಡಗಿಗಳು ಶುಭಕ್ಕೆಂದು ಒಂದು ಬೆಳ್ಳಿ ದಿನಾರಿಯಸ್ ಇಟ್ಟಿದ್ದರು. ಕ್ರಿ.ಪೂ. 123ರಲ್ಲಿ ಟಂಕಿಸಿದ್ದು, ದೋಣಿ ಕಟ್ಟುವ ಹೊತ್ತಿಗೇ ಅದು ಹಳೆಯ ನಾಣ್ಯ. ಚಿತ್ರದುರ್ಗದ ಚಂದ್ರವಳ್ಳಿಯಲ್ಲಿ ಸಿಕ್ಕ ರೋಮನ್ ಬೆಳ್ಳಿ ನಾಣ್ಯಗಳೂ ಇದೇ ಜಾತಿಯವು.

ನೀರು ಕುಡಿದ ಮರವನ್ನು ಸುಮ್ಮನೆ ಒಣಗಿಸಿದರೆ ಸೊಟ್ಟಗಾಗಿ ಪುಡಿಯಾಗುತ್ತದೆ. ಹಾಗಾಗಿ ತುಂಡುಗಳನ್ನು ಗ್ರೆನೋಬಲ್‌ನ ಪ್ರಯೋಗಾಲಯಕ್ಕೆ ಒಯ್ದು, ನೀರಿದ್ದ ಜಾಗಕ್ಕೆ ಮೇಣದಂಥ ಪಾಲಿಎಥಿಲೀನ್ ಗ್ಲೈಕಾಲ್ ತುಂಬಿಸಿ, ಹೆಪ್ಪುಗಟ್ಟಿಸಿ ಒಣಗಿಸಿದರು. 2013ರಲ್ಲಿ ಆರ್ಲ್‌ನ ಪುರಾತನ ವಸ್ತುಸಂಗ್ರಹಾಲಯದ ಹೊಸ ವಿಭಾಗದಲ್ಲಿ ದೋಣಿಯನ್ನು ಮತ್ತೆ ಜೋಡಿಸಿ, ಒಳಗೆ ಕಲ್ಲುಗಳನ್ನೂ ಇಟ್ಟರು.

ಇದೇ ನದಿಯಲ್ಲಿ 2007ರಲ್ಲಿ ಸಿಕ್ಕ ಅಮೃತಶಿಲೆಯ ತಲೆಯೊಂದೂ ಇಲ್ಲಿದೆ. ಜೂಲಿಯಸ್ ಸೀಸರನದ್ದೇ ಎಂದು ಲಾಂಗ್ ವಾದ. ಅಲ್ಲ ಎನ್ನುವ ವಿದ್ವಾಂಸರೂ ಇದ್ದಾರೆ. ಹೆಸರಿನ ಗದ್ದಲದಿಂದ ಪತ್ರಿಕೆಗಳಿಗೆ ಅದೇ ದೊಡ್ಡ ಸುದ್ದಿಯಾಯಿತು. ಸಮಯ ಕಡಿಮೆಯಿದ್ದರೆ ಸೀಸರನನ್ನು ಬಿಟ್ಟು ಒಲೆಯ ಹತ್ತಿರ ನಿಲ್ಲಿ.

ಮಾರ್ಸೆಯಿಂದ ಆರ್ಲ್‌ಗೆ ರೈಲಿದೆ, ಹೆಚ್ಚೂಕಡಿಮೆ ಒಂದು ಗಂಟೆ. ವಸ್ತುಸಂಗ್ರಹಾಲಯ ಊರಿನ ಅಂಚಿನಲ್ಲಿ, ರೋಮನ್ ರಥಪಂದ್ಯದ ಮೈದಾನದ ಅವಶೇಷಗಳ ಪಕ್ಕದ ನೀಲಿ ಗೋಡೆಯ ಕಟ್ಟಡ. ಪೇಟೆಯಿಂದ ನಡೆದೇ ಹೋಗಬಹುದು. ಮಂಗಳವಾರ ರಜೆ.