ರಾತ್ರಿಗಷ್ಟೇ ಬರುವ ಚಳಿಗಾಲ

ಮೈಸೂರು ಜಿಲ್ಲೆಯ ಕಂಪಲಾಪುರದ ಹೊಗೆಸೊಪ್ಪಿನ ಹೊಲಗಳು ಸಮುದ್ರಮಟ್ಟದಿಂದ ಸುಮಾರು 800 ಮೀಟರ್ ಎತ್ತರದಲ್ಲಿವೆ. ಅಲ್ಲಿಂದ ಹುಣಸೂರು, ಮೈಸೂರು, ಗುಂಡ್ಲುಪೇಟೆ ಹಾದು, ಬಂಡೀಪುರದ ಕಾಡು ದಾಟಿ ಘಟ್ಟ ಹತ್ತಿದರೆ ಸಿಗುವ ಊಟಿ 2,200 ಮೀಟರಿಗೂ ಮೇಲಿದೆ. ಸಾವಿರ ಮೀಟರ್ ಏರಿದರೆ ಉಷ್ಣತೆ ಸರಾಸರಿ ಆರೂವರೆ ಡಿಗ್ರಿ ಸೆಲ್ಸಿಯಸ್ ಇಳಿಯುತ್ತದೆ. ಆ ಲೆಕ್ಕದಲ್ಲಿ ಎರಡು ಊರುಗಳ ನಡುವೆ ಒಂಬತ್ತು ಡಿಗ್ರಿಯಷ್ಟು ಅಂತರ. ಗುಂಡ್ಲುಪೇಟೆಯ ಬಯಲಿನಲ್ಲಿ ಎಕರೆಗಟ್ಟಲೆ ಅರಳುವ ಚೆಂಡುಹೂವನ್ನು ಊಟಿಯ ಜನವರಿಯ ಒಂದು ರಾತ್ರಿ ಸುಟ್ಟು ಕಪ್ಪಾಗಿಸಬಲ್ಲದು. ಅದೇ ರಾತ್ರಿ ಜೋತುಬಿದ್ದ ಪ್ಯಾನ್ಸಿ ಹೂವು ಬಿಸಿಲೇರಿದ ಮೇಲೆ ಏನೂ ಆಗಿಲ್ಲವೆಂಬಂತೆ ತಲೆಯೆತ್ತುತ್ತದೆ.

ಲಂಡನ್ನಿನ ಕ್ಯೂ ಉದ್ಯಾನದಲ್ಲಿ ಪಳಗಿದ ವಿಲಿಯಂ ಗ್ರಹಾಂ ಮೆಕ್‌ಐವರ್ 1848ರಲ್ಲಿ ಊಟಿಯ ಸಸ್ಯೋದ್ಯಾನವನ್ನು ಕಟ್ಟಲು ತೊಡಗಿದ. ಅದೇ ಊರಿನ ಫರ್ನ್‌ಹಿಲ್‌ನಲ್ಲಿ ಕರ್ನಾಟಕದ ತೋಟಗಾರಿಕೆ ಇಲಾಖೆಯ 38 ಎಕರೆ ಉದ್ಯಾನವೂ ಇದೆ. ಇಂಥ ಉದ್ಯಾನಗಳ ಊಟಿಯನ್ನು ಯುರೋಪಿನ ತುಣುಕೆಂದು ಬಣ್ಣಿಸುವುದು ರೂಢಿ. ಗಿಡಗಳು ಮಾತ್ರ ಹಾಗೆ ಒಪ್ಪುವುದಿಲ್ಲ. ಯುರೋಪಿನಲ್ಲಿ ಚಳಿ ತಿಂಗಳುಗಟ್ಟಲೆ ನೆಲವನ್ನು ಹಿಡಿದಿಡುತ್ತದೆ. ಸಮಭಾಜಕಕ್ಕೆ ಹತ್ತಿರವಿರುವ ನೀಲಗಿರಿಯಲ್ಲಿ ಅದು ರಾತ್ರಿ ಬಂದು ಬೆಳಗ್ಗೆ ಹೋಗುತ್ತದೆ. ಇಲ್ಲಿ ಋತುವಿಗೂ ಋತುವಿಗೂ ಇರುವ ಅಂತರಕ್ಕಿಂತ ಹಗಲಿಗೂ ಇರುಳಿಗೂ ಇರುವ ಅಂತರವೇ ದೊಡ್ಡದು.

ಟ್ಯುಲಿಪ್ ಗೆಡ್ಡೆಗೆ ರಾತ್ರಿಯಷ್ಟೇ ಬರುವ ಈ ಚಳಿ ಸಾಲದು. ಒಳಗಿನ ಮೊಗ್ಗು ಸರಿಯಾಗಿ ಮೇಲೇಳಲು ಅದಕ್ಕೆ ವಾರಗಟ್ಟಲೆ ಬಿಡದ ತಂಪು ಬೇಕು. ಆದ್ದರಿಂದ ಶ್ರೀನಗರದ ನೆಲದಲ್ಲಿ ತಾನಾಗಿ ನಡೆಯುವ ಕೆಲಸಕ್ಕೆ ದಕ್ಷಿಣದಲ್ಲಿ ಶೀತಲಗೃಹ ಬೇಕಾಗುತ್ತದೆ. ಮೆಕ್ಸಿಕೊದ ಬೆಟ್ಟಗಳ ಡೇಲಿಯಾ, ಆಂಡಿಸ್‌ನ ಫ್ಯೂಷಿಯಾ ಮಾತ್ರ ಊಟಿಯಂಥ ತಂಪು ಇರುಳುಗಳನ್ನು ತಮ್ಮ ತವರಿನಲ್ಲೇ ಕಂಡವು. ತಂಪಿನಲ್ಲಿ ಗಿಡದ ಇರುಳಿನ ಉಸಿರಾಟ ನಿಧಾನವಾಗುವುದರಿಂದ ಹಗಲು ತಯಾರಾದ ಸಕ್ಕರೆ ಹೆಚ್ಚು ಉಳಿಯುತ್ತದೆ. ಬೆಟ್ಟದ ಡೇಲಿಯಾ ಬಯಲಿನದಕ್ಕಿಂತ ದೊಡ್ಡದಾಗಿ ಅರಳಿ ಹೆಚ್ಚು ದಿನ ಬಾಳುವುದಕ್ಕೆ ಇದೊಂದು ಕಾರಣ. ಆದರೆ ನೀರು ಹೆಪ್ಪುಗಟ್ಟುವ ರಾತ್ರಿಯನ್ನು ಅವುಗಳ ಎಲೆಯೂ ತಾಳಲಾರದು.

ಮೋಡವಿಲ್ಲದ, ಗಾಳಿಯಾಡದ ರಾತ್ರಿಗಳಲ್ಲಿ ನೆಲದ ಶಾಖ ತಡೆಯಿಲ್ಲದೆ ಆಕಾಶಕ್ಕೆ ಸೋರಿಹೋಗುತ್ತದೆ. ತಣ್ಣನೆಯ ಗಾಳಿ ಭಾರವಾಗಿ ಇಳಿಜಾರಿನಲ್ಲಿ ನೀರಿನಂತೆ ಹರಿದು ಊಟಿ ಬಳಿಯ ತಲೈಕುಂದದಂಥ ತಗ್ಗುಗಳಲ್ಲಿ ನಿಲ್ಲುತ್ತದೆ; ಇಬ್ಬನಿಯ ಬದಲು ಹುಲ್ಲಿನ ಮೇಲೆ ಬಿಳಿಯ ಹರಳು ಕೂರುತ್ತದೆ. ನಾಜೂಕಿನ ಗಿಡಗಳನ್ನು ತಗ್ಗಿನ ಬದಲು ಇಳಿಜಾರಿನಲ್ಲಿ ನೆಡುವುದು, ಸಂಜೆ ಸೊಪ್ಪಿನ ಕೊಂಬೆ ಹೊದಿಸುವುದು, ಬಿಸಿಲು ತಾಗುವ ಮೊದಲೇ ನೀರು ಚಿಮುಕಿಸಿ ಹರಳು ಕರಗಿಸುವುದು, ಇವೆಲ್ಲಕ್ಕೂ ಈ ಭೌತವಿಜ್ಞಾನವೇ ಆಧಾರ.

ಹಿಮ ತಾಳುವ ಗಿಡ ಹಿಮವನ್ನು ಪೂರ್ತಿ ತಡೆಯುವುದಿಲ್ಲ, ಅದಕ್ಕೆ ಜಾಗ ತೋರಿಸುತ್ತದೆ. ಎಲೆಯಲ್ಲಿ ಹರಳು ಮೊದಲು ಹುಟ್ಟುವುದು ಜೀವಕೋಶಗಳ ನಡುವಿನ ಸಂದಿಯಲ್ಲಿ. ಅದು ಕೋಶದೊಳಗಿನ ನೀರನ್ನು ಹೊರಗೆಳೆಯುತ್ತದೆ; ಒಳಗೆ ಉಳಿದ ರಸ ಗಟ್ಟಿಯಾಗುತ್ತ, ಅದರ ಹೆಪ್ಪುಗಟ್ಟುವ ಬಿಂದು ಇನ್ನೂ ಕೆಳಗಿಳಿಯುತ್ತದೆ. ಹೀಗೆ ಒಣಗಿಯೂ ಹರಿಯದ ಪೊರೆ ಬೇಕು. ಅದಕ್ಕಾಗಿ ಗಿಡ ಮೊದಲೇ ಸಕ್ಕರೆ ಕೂಡಿಟ್ಟು, ಪೊರೆಯ ಕೊಬ್ಬಿನಂಶವನ್ನು ತಂಪಿನಲ್ಲೂ ಮೆದುವಾಗಿರುವಂತೆ ಬದಲಿಸಿಕೊಳ್ಳುತ್ತದೆ. ಈ ಸಿದ್ಧತೆಗೆ ಕೆಲವು ದಿನಗಳಾದರೂ ಬೇಕು. ಬೆಚ್ಚಗಿನ ಮನೆಯಲ್ಲಿ ಬೆಳೆದ ಪ್ಯಾನ್ಸಿ ಸಸಿಯನ್ನು ನೇರವಾಗಿ ಹಿಮಕ್ಕೊಡ್ಡಿದರೆ ಅದೂ ಸಾಯಬಹುದು.

ಯಾರೂ ನೆಡದ, ಹೊದಿಸದ ಹೂವೊಂದು ನೀಲಗಿರಿಯಲ್ಲೇ ಇದೆ: ಬೆಟ್ಟದ ಮಡಿಲಿನ ನಿತ್ಯಹರಿದ್ವರ್ಣ ಶೋಲಾ ಕಾಡಿನ ಅಂಚಿನಲ್ಲೂ ಹುಲ್ಲುಗಾವಲಿನ ಬಯಲಿನಲ್ಲೂ ನಿಲ್ಲುವ ಕೆಂಪು ಹೂವಿನ ರೊಡೊಡೆಂಡ್ರಾನ್. ಶೋಲಾದ ಎಷ್ಟೋ ಮರಗಳ ಸಸಿಗಳು ಹಿಮ ಬೀಳುವ ಹುಲ್ಲಿನಲ್ಲಿ ಉಳಿಯವು. ಚರ್ಮದಂತೆ ದಪ್ಪ ಎಲೆಯ ಈ ಮರ ಉಳಿಯುತ್ತದೆ. ಇದರ ಹತ್ತಿರದ ಬಂಧುಗಳು ದೂರದ ಹಿಮಾಲಯದಲ್ಲಿವೆ. ನಡುವಿನ ಸಾವಿರಕ್ಕೂ ಹೆಚ್ಚು ಕಿಲೋಮೀಟರ್ ಬಯಲಿನಲ್ಲಿ ಈ ಕುಲದ ಕೊಂಡಿಯೇ ಇಲ್ಲ. ಹಿಮಯುಗದಲ್ಲಿ ತಗ್ಗುನಾಡೂ ತಂಪಾಗಿದ್ದಾಗ ದಕ್ಷಿಣಕ್ಕೆ ಹಬ್ಬಿ, ಆಮೇಲೆ ಬಿಸಿ ಏರಿದಂತೆ ಬೆಟ್ಟದ ನೆತ್ತಿಗೆ ಸರಿದಿರಬೇಕೆಂಬುದು ಸಸ್ಯವಿಜ್ಞಾನಿಗಳ ಒಂದು ವಿವರಣೆ.